ಕ್ರೇನಣ್ಣನ ಭಾವ

ಶಾಸನಸಭೆಯ ಮಾರ್ಷಲ್ ಆಗಿದ್ದ ಅವನನ್ನು ಓಣಿಯವರೆಲ್ಲ ಕ್ರೇನಣ್ಣ ಎಂದೇ ಕರೆಯುತ್ತಿದ್ದರು. ಆಳು ಹಾಗಿದ್ದ, ಮನಸ್ಸು ಮಾತ್ರ ಬೆಣ್ಣೆ. ಸಭೆಯಲ್ಲಿ ಮಂತ್ರಿಗಳು, ಅವರ ಪಕ್ಷದವರು ಸಭಾಧ್ಯಕ್ಷರ ಬಲಕ್ಕೆ, ವಿರೋಧಪಕ್ಷದವರು ಎಡಕ್ಕೆ. ಯಾರಾದರೂ ನಡುವಿನ ಬಾವಿಗಿಳಿದು ಕೂಗಾಡಿ, ಹೇಳಿದ್ದು ಕೇಳದಿದ್ದರೆ ಎತ್ತಿಕೊಂಡು ಹೋಗಿ ಹೊರಗೆ ಬಿಡುವುದು ಅವನ ಕೆಲಸ. ಅಪ್ಪಣೆ ಮಾತ್ರ ಸಭಾಧ್ಯಕ್ಷರದೇ ಆಗಬೇಕು. ಆ ಬಾಗಿಲೊಳಗೆ ಮುಖ್ಯಮಂತ್ರಿ ಹೇಳಿದರೂ ಅವನು ಬೆರಳು ಅಲ್ಲಾಡಿಸುವಂತಿಲ್ಲ. ಇಡೀ ಸರ್ಕಾರ ಯಾರ ಹೆಸರಿನಲ್ಲಿ ನಡೆಯುತ್ತದೋ ಆ ರಾಜ್ಯಪಾಲರೂ ಅಲ್ಲಿ ಭಾಷಣ ಓದಿ ಹೋಗುವ ಅತಿಥಿಯೇ.

ಹೀಗಿರುವಾಗ ಅವನ ಅಕ್ಕನ ಗಂಡ ಚುನಾವಣೆ ಗೆದ್ದು ಎಡಗಡೆಯ ಸಾಲಿಗೆ ಬಂದು ಕೂತರು. ಭಾವನದು ಬಾಯಿಗೆ ಬೀಗವಿಲ್ಲದ ಸ್ವಭಾವ. ಅಕ್ಕ ಅಂದೇ ತಮ್ಮನನ್ನು ಕರೆದು ಹೇಳಿದ್ದಳು: “ನೋಡೋ, ನಾಲ್ಕು ಜನರ ಮುಂದೆ ಅವರ ಮೈ ಮುಟ್ಟಿದ್ಯೋ, ನನ್ನ ಮನೆ ಹೊಸಿಲು ತುಳೀಬೇಡ.” ಅಮ್ಮ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅವಳೆಂದರೆ ಅವನಿಗೆ ಭಯ, ಅದಕ್ಕಿಂತ ಹೆಚ್ಚು ಪ್ರೀತಿ.

ಬಜೆಟ್ ಚರ್ಚೆಯ ದಿನ ಆಗಬಾರದ್ದು ಆಗಿಯೇ ಹೋಯಿತು. ಭಾವ ಬಾವಿಗಿಳಿದರು, ಕಾಗದ ಹರಿದರು, ಅಲ್ಲೇ ಅಂಗಾತ ಮಲಗಿಯೂ ಬಿಟ್ಟರು. ಸಭಾಧ್ಯಕ್ಷರು ಹೇಳಿ ಹೇಳಿ ಸೋತು, “ಎತ್ಕೊಂಡು ಹೋಗಿ” ಎಂದರು. ಕ್ರೇನಣ್ಣನಿಗೆ ಅತ್ತ ದರಿ, ಇತ್ತ ಪುಲಿ. ಕೊನೆಗೆ ಇಬ್ಬರು ಜೊತೆಗಾರರಿಗೆ ಕಾಲು ಹಿಡಿಯಲು ಹೇಳಿ, ತಾನು ತೋಳಿಗೆ ಕೈಹಾಕಿದ.

“ಬೇಜಾರು ಮಾಡ್ಕೋಬೇಡಿ ಭಾವ,” ಎಂದು ಪಿಸುಗುಟ್ಟಿದ.

“ಅದಿರಲಿ, ಸ್ವಲ್ಪ ನಿಧಾನಕ್ಕೆ ನಡಿಯೋ. ಹೊರಗೆ ಫೋಟೊದವರು ಇನ್ನೂ ಸೇರಿಲ್ಲ,” ಎಂದರು ಭಾವ.

ಮಾರನೇ ದಿನ ಪತ್ರಿಕೆಯಲ್ಲಿ ಫೋಟೊ ಬಂತು, ಭಾವ ಹಿಗ್ಗಿ ಹೀರೇಕಾಯಾದರು. ಅಕ್ಕ ಮಾತ್ರ ತಮ್ಮನ ಫೋನ್ ಎತ್ತಲಿಲ್ಲ.

ಭಾನುವಾರ ಎಂದಿನಂತೆ ಊಟಕ್ಕೆ ಹೋದವನು ಬಾಗಿಲಾಚೆಯೇ ನಿಂತ. ಅಕ್ಕ ಬಂದು ನೋಡಿದಳು. ಬಾ ಎನ್ನಲಿಲ್ಲ, ಹೋಗು ಎನ್ನುವುದಕ್ಕೂ ಬಾಯಿ ಬರಲಿಲ್ಲ.

“ಮಾತು ಅಂದ್ರೆ ಮಾತು ಕಣೋ.”

“ಹೌದಕ್ಕ. ಇಲ್ಲೇ ನಿಂತಿರ್ತೀನಿ.”

ಅಷ್ಟರಲ್ಲಿ ಭಾವ ಬೆಳೆದ ಗಂಡುಮಕ್ಕಳಿಬ್ಬರನ್ನೂ ಕರೆದುಕೊಂಡು ಹೊರಗೆ ಬಂದರು. “ತುಳೀಬೇಡ ಅಂದಿದ್ದು ತಾನೆ? ನೀವಿಬ್ರೂ ಮಾವನ ಕಾಲು ಹಿಡ್ಕೊಳ್ರೋ,” ಎಂದು ತಾವು ಅವನ ತೋಳಿಗೆ ಕೈಹಾಕಿ, ಹೆಂಡತಿಯ ಕಡೆ ತಿರುಗಿದರು. “ಸನ್ಮಾನ್ಯ ಅಧ್ಯಕ್ಷರೇ, ಅಪ್ಪಣೆ ಆಗಬೇಕು.”

ಅಕ್ಕ ಕಣ್ಣೊರೆಸಿಕೊಂಡಳು.

“ಎತ್ಕೊಂಡು ಬನ್ನಿ,” ಎಂದಳು.