ಕೇರುಬೀಜದ ಎಣ್ಣೆ ಮತ್ತು ನನ್ನ ನಾಲ್ಕು ಬೆರಳು

ಹೋದ ವರ್ಷದ ಚಳಿಗಾಲದವರೆಗೂ ನಾನು ಎಲೆಕ್ಟ್ರಿಕ್ ಗಿಟಾರನ್ನು ಬೆರಳಿನಿಂದಲೇ ನುಡಿಸುತ್ತಿದ್ದೆ. ಪಿಕ್ ಎಂಬ ಆ ಪ್ಲಾಸ್ಟಿಕ್ ಚೂರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅದರಲ್ಲಿ ಹೊಡೆದರೆ ತಂತಿ ಕಿರುಚುತ್ತದೆ, ಅಷ್ಟೇ. ಹೆಬ್ಬೆರಳನ್ನು ದಪ್ಪ ತಂತಿಯ ಮೇಲೆ, ಅದರ ಪಕ್ಕದ ಮೂರು ಬೆರಳನ್ನು ಸಣ್ಣ ತಂತಿಗಳ ಮೇಲೆ ಇಟ್ಟು ಮೆಲ್ಲಗೆ ಎಳೆದು ಬಿಟ್ಟಾಗ ಬರುವ ದನಿಯೇ ಬೇರೆ. ಎಷ್ಟು ಎಳೆಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಬೆರಳ ತುದಿಯೇ ಹೇಳುತ್ತಿತ್ತು. ಕಲಿಸಿದವರು ಯಾರೂ ಇಲ್ಲ. ಹಗಲು ಬೈಲಹೊಂಗಲದ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸ. ತಾಮ್ರದ ತಂತಿ ಸುತ್ತಿ ಸುತ್ತಿ, ಎಲ್ಲಿ ಬಿಗಿ ಎಲ್ಲಿ ಸಡಿಲ ಎಂದು ಕಣ್ಣು ಮುಚ್ಚಿ ಹೇಳುವ ಬೆರಳುಗಳು ನನ್ನವು. ಸೊಕ್ಕು ಅಂದರೆ ಸೊಕ್ಕೇ, ಇತ್ತು.

ಮದುವೆ ಆರ್ಕೆಸ್ಟ್ರಾದಲ್ಲಿ ಈ ಸೊಕ್ಕಿಗೆ ಬೆಲೆ ಇರಲಿಲ್ಲ. ಕೀಬೋರ್ಡ್ ನುಡಿಸುವವರೇ ನಮ್ಮ ತಂಡದ ಹಿರಿಯರು. ಸವದತ್ತಿಯ ಒಂದು ಕಲ್ಯಾಣ ಮಂಟಪದಲ್ಲಿ ಎಲ್ಲರ ಮುಂದೆ ಮೈಕಿನಲ್ಲೇ ಕೇಳಿದರು: “ಗಿಟಾರ್ ಬಾರಸಾಕತ್ತೀರೋ, ಎಮ್ಮಿ ಹಿಂಡಾಕತ್ತೀರೋ? ಒಂದ್ ಪಿಕ್ ಹಿಡೀರಿ, ಜನಕ್ಕ ಕೇಳ್ಲಿ!” ಮಂಟಪವೆಲ್ಲ ನಕ್ಕಿತು. ನಾನೂ ನಕ್ಕೆ. ಪಿಕ್ ಮಾತ್ರ ಹಿಡಿಯಲಿಲ್ಲ.

ಆ ಚಳಿಗೆ ಬಲಗೈಯ ಆ ನಾಲ್ಕು ಬೆರಳ ತುದಿಗಳು ಒಡೆದವು. ಹಗಲೆಲ್ಲ ಸುತ್ತಿದ ತಂತಿಗೆ ಬಳಿಯುವ ವಾರ್ನಿಷ್, ಸಂಜೆ ಗಿಟಾರಿನ ಉಕ್ಕಿನ ತಂತಿ. ಸೀಳಿನಲ್ಲಿ ರಕ್ತ ಜಿನುಗುತ್ತಿತ್ತು. ನಾಲ್ಕು ದಿನ ಬಿಟ್ಟು ರಾಮದುರ್ಗದಲ್ಲಿ ಮದುವೆ. ರವಿವಾರ ಸಂಪಗಾಂವಕ್ಕೆ ಹೋದೆ, ಅಣ್ಣನ ಮನೆಯಲ್ಲಿರುವ ಅಪ್ಪನ ಹತ್ತಿರ.

ಒಡೆದ ಹಿಮ್ಮಡಿಗೆ ಅಪ್ಪನ ಮದ್ದು ಊರಿಗೇ ಗೊತ್ತು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜವನ್ನು ದಬ್ಬಣಕ್ಕೆ ಚುಚ್ಚಿ ದೀಪದ ಮೇಲೆ ಹಿಡಿದರೆ ಕಪ್ಪು ಎಣ್ಣೆ ತೊಟ್ಟಿಕ್ಕುತ್ತದೆ. ಅದನ್ನು ಸೀಳಿಗೆ ಬಿಟ್ಟರೆ ಚುರ್ ಅಂದು ಚರ್ಮ ಕೂಡಿಕೊಳ್ಳುತ್ತದೆ. ಹೊಲದಲ್ಲಿ ಬರಿಗಾಲಲ್ಲಿ ನಡೆದವರೆಲ್ಲ ಒಮ್ಮೆಯಾದರೂ ಅಪ್ಪನ ಮುಂದೆ ಕಾಲು ಚಾಚಿದವರೇ. ನಾನು ಬಲಗೈ ಚಾಚಿದೆ.

“ಕೈಗೆ ಯಾರಿಗೂ ಹಾಕಿಲ್ಲೋ ನಾ,” ಎಂದ ಅಪ್ಪ.

“ಕಾಲಿಗೆ ಆಗತೈತಿ ಅಂದ್ರ ಕೈಗ್ಯಾಕ ಆಗೂದಿಲ್ಲ? ಹಾಕಪಾ, ಗಟ್ಟಿ ಆಗ್ಲಿ.”

ಅಪ್ಪ ಹಿಂದೆ ಮುಂದೆ ನೋಡಿದ. ನಾನು ಬಿಡಲಿಲ್ಲ. ಹಾಕಿದ.

ಮರುದಿನವೇ ಬೆರಳುಗಳು ಬಾತು, ಗುಳ್ಳೆ ಎದ್ದು, ಕೀವು ತುಂಬಿದವು. ರಾಮದುರ್ಗ ತಪ್ಪಿತು. ಎರಡು ತಿಂಗಳಾದ ಮೇಲೆ ಹಳೆಯ ಚರ್ಮ ಸುಲಿದು ಹೊಸದು ಬಂತು, ಹಿಮ್ಮಡಿಯಷ್ಟೇ ದಪ್ಪ. ತಂತಿ ಮುಟ್ಟಿದೆ. ಏನೂ ಗೊತ್ತಾಗಲಿಲ್ಲ. ಕಣ್ಣಿಂದ ನೋಡಿದರೆ ಮಾತ್ರ ಮುಟ್ಟಿದ್ದೇನೆಂದು ತಿಳಿಯುತ್ತಿತ್ತು. ಡಾಕ್ಟರು ಸೂಜಿ ಚುಚ್ಚಿ ನೋಡಿ, “ನರ ಸುಟ್ಟಾವ್ರಿ. ಬಂದ್ರ ಬಂತು, ಇಲ್ಲಾಂದ್ರ ಇಲ್ಲ,” ಎಂದರು. ಬಂದಿಲ್ಲ. ಇನ್ನು ಬರುವುದೂ ಇಲ್ಲ, ನನಗೆ ಗೊತ್ತು. ಆದರೂ ದಿನಾ ಬೆಳಿಗ್ಗೆ ಬಿಸಿ ಚಹಾದ ಕಪ್ಪಿಗೆ ಬೆರಳು ಒತ್ತಿ ನೋಡುವ ಚಟ ಬಿಟ್ಟಿಲ್ಲ.

ಈಗ ಪಿಕ್ ಹಿಡಿಯುತ್ತೇನೆ. ಕೈಯಲ್ಲಿ ಅದು ಇದೆಯೋ ಬಿದ್ದಿದೆಯೋ ತಿಳಿಯದೆ ಆಗಾಗ ಬಗ್ಗಿ ನೋಡಿಕೊಳ್ಳುತ್ತೇನೆ. ಹಾಗೆ ಮೊದಲ ಸಲ ಕಿತ್ತೂರಿನ ಮದುವೆಯಲ್ಲಿ ನುಡಿಸಿದ ಮೇಲೆ ಕೀಬೋರ್ಡಿನವರು ಬೆನ್ನು ತಟ್ಟಿದರು. “ಈಗ ನೋಡ್ರಿ ಗಿಟಾರ್ ಕೇಳಸ್ತು! ಮೊದ್ಲೇ ಹಿಂಗ ಬಾರಿಸಿದ್ರ ಏನ್ ಆಗ್ತಿತ್ತು?” ಕೆನ್ನೆಗೆ ಎರಡು ಬಿಗಿಯಬೇಕೆನಿಸಿತು. ಆದರೆ ಅವರು ನಿಜವಾಗಿಯೂ ಖುಷಿಪಟ್ಟಿದ್ದರು, ಅದೇ ನನ್ನ ಸಂಕಟ. ಹತ್ತು ವರ್ಷ ನಾನು ಎಳೆದು ಬಿಟ್ಟ ದನಿ ತಂಡದಲ್ಲಿ ಒಬ್ಬರ ಕಿವಿಗೂ ಬಿದ್ದಿರಲಿಲ್ಲ. ಅದು ಹೋಯಿತೆಂದು ಯಾರ ಹತ್ತಿರ ಅಳಲಿ?

ಅಪ್ಪನಿಗೆ ಹೇಳಿಲ್ಲ. ಗುಳ್ಳೆ ಎದ್ದ ದಿನಗಳಲ್ಲಿ ಆ ಕಡೆ ಸುಳಿಯಲೇ ಇಲ್ಲ. ಹೋದ ತಿಂಗಳು ಹೋದಾಗ ನನ್ನ ಕೈ ಎಳೆದುಕೊಂಡು ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿದ. ಒತ್ತುವುದು ಕಣ್ಣಿಗೆ ಕಾಣುತ್ತಿತ್ತು.

“ಗಟ್ಟಿ ಆಗ್ಯಾವಲ್ಲೋ! ಈಗ ಚಲೋ ಬಾರಸ್ತೀ ಹೌದಿಲ್ಲೋ?”

“ಹೂಂ ಅಪ್ಪಾ. ಈಗ ಎಲ್ಲಾರಿಗೂ ಕೇಳತೈತಿ.”

ಅಪ್ಪ ಹಿಗ್ಗಿದ. ಎದ್ದು ಹೋಗಿ, ಉಳಿದ ನಾಲ್ಕು ಕೇರುಬೀಜಗಳನ್ನು ಕಾಗದದಲ್ಲಿ ಕಟ್ಟಿ ತಂದು ನನ್ನ ಜೇಬಿಗೆ ಹಾಕಿದ.

“ಇಟ್ಕೋ. ಎಡಗೈಗೂ ಬೇಕಾಗ್ತಾವು.”