ಕೋಲಾಟದಲ್ಲಿ ಬಿಟ್ಟ ಜಾಗ

ಮದುವೆಗಳಿಲ್ಲದ ಬೇಸಿಗೆಯಲ್ಲಿ ಫೋಟೋ ತೆಗೆಯುವವರ ಕೈ ಸುಮ್ಮನಿರುವುದಿಲ್ಲ. ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ಭಾಲ್ಕಿಯ ನನ್ನ ಸ್ಟುಡಿಯೋಕ್ಕೆ ಬರುತ್ತಿದ್ದವರು ಪಾಸ್‌ಪೋರ್ಟ್ ಸೈಜಿನ ಗಿರಾಕಿಗಳಷ್ಟೇ. ಅವರಲ್ಲೂ ಹೆಚ್ಚಿನವರು ಪುಣೆಗೋ ಹೈದರಾಬಾದಿಗೋ ದುಡಿಯಲು ಹೊರಟವರು, ಫೋಟೋ ಕೈಗೆ ಬಂದ ಕೂಡಲೇ ಬಸ್‌ಸ್ಟ್ಯಾಂಡಿನ ಕಡೆ ಹೋಗಿಬಿಡುತ್ತಿದ್ದರು. ನಾನು ಕೂತಲ್ಲಿ ಕೂರಲಾಗದೆ ಒರೆಸಿದ ಲೆನ್ಸನ್ನೇ ಮತ್ತೆ ಒರೆಸುತ್ತಿದ್ದೆ. ಹೆಣ್ಣುಮಕ್ಕಳ ನೃತ್ಯ ಸ್ಪರ್ಧೆಯ ಫೋಟೋ ತೆಗೆಯಬೇಕೆಂದು ಕರೆ ಬಂದಾಗ ಮಾತು ಮುಗಿಯುವ ಮೊದಲೇ ಹೂಂ ಅಂದೆ. ಮೊದಲ ಸುತ್ತು ಔರಾದಿನಲ್ಲಿ, ಎರಡನೆಯದು ನಮ್ಮ ಭಾಲ್ಕಿಯಲ್ಲೇ, ಕೊನೆಯದು ಬೀದರಿನಲ್ಲಿ.

ಡಿಜಿಟಲ್ ಕ್ಯಾಮೆರಾ ಬಂದಮೇಲೆ ಫೋಟೋ ತೆಗೆಯುವುದು ಸಲೀಸು ಅನ್ನುವವರನ್ನು ಒಮ್ಮೆ ಕೋಲಾಟದ ಎದುರು ನಿಲ್ಲಿಸಬೇಕು. ಔರಾದಿನ ವೇದಿಕೆಯ ಮೇಲೆ ಗುಲಾಬಿ, ಹಸಿರು ದೀಪಗಳು ಗರಗರ ತಿರುಗುತ್ತಿದ್ದವು. ಶಟರ್ ನಿಧಾನ ಮಾಡಿದರೆ ಕೋಲುಗಳು ಹೊಗೆಯಾಗಿ ಕಾಣುತ್ತಿದ್ದವು, ವೇಗ ಮಾಡಿದರೆ ಹುಡುಗಿಯರೇ ಕತ್ತಲಾಗುತ್ತಿದ್ದರು. ಕತ್ತಲಲ್ಲೂ ಬೆಳಕು ಹೀರಲೆಂದು ಐಎಸ್‌ಒ ಏರಿಸಿದರೆ ಮುಖದ ಮೇಲೆ ಜೋಳದ ನುಚ್ಚು ಚೆಲ್ಲಿದಂತೆ ಕಾಳು ಕಾಳು. ಸಿಟ್ಟಿಗೆ ಬಟನ್ ಒತ್ತುತ್ತಲೇ ಇದ್ದೆ.

ಅಷ್ಟರಲ್ಲಿ ಒಂದು ಹಳ್ಳಿಯ ತಂಡ ಕಣ್ಣಿಗೆ ಬಿತ್ತು. ಎದುರುಬದುರು ಎರಡು ಸಾಲು, ಒಬ್ಬೊಬ್ಬಳಿಗೂ ಎದುರು ಒಬ್ಬಳು ಜೋಡಿ. ಕೊನೆಯ ಜೋಡಿಯಲ್ಲಿ ಒಬ್ಬಳು ಉದ್ದ, ಇನ್ನೊಬ್ಬಳು ಮೊಳದಷ್ಟು ಗಿಡ್ಡ. ಗಿಡ್ಡಿಯ ಕೋಲಿಗೆ ತನ್ನ ಕೋಲು ಸಿಗಲೆಂದು ಉದ್ದನೆಯವಳು ಪ್ರತಿ ಸಲ ಮೊಣಕಾಲು ಬಗ್ಗಿಸುತ್ತಿದ್ದಳು. ಪಕ್ಕದಿಂದ ಅವರ ಮೇಡಂ, "ಸೀದಾ ನಿಂದ್ರ! ಮಾರ್ಕ್ಸ್ ಹೋಗ್ತಾವ!" ಎಂದು ಕೈಸನ್ನೆ ಮಾಡಿ ಸೋತರು. ಕುಣಿತ ಮುಗಿದದ್ದೇ ಇಬ್ಬರೂ ಓಡಿಬಂದು ಕ್ಯಾಮೆರಾದ ಪರದೆಗೆ ಮುಗಿಬಿದ್ದರು. ಕೋಲಿಗೆ ಕೋಲು ತಾಗಿದ ಒಂದು ಫೋಟೋ ಚೆನ್ನಾಗಿ ಬಂದಿತ್ತು. ಅದನ್ನು ನೋಡಿ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಭಾಲ್ಕಿಯ ಸುತ್ತಿನಲ್ಲಿ ಅದೇ ತಂಡ ಬಂತು. ಲೆನ್ಸಿನಲ್ಲಿ ನೋಡುತ್ತೇನೆ, ಉದ್ದನೆಯವಳು ಒಬ್ಬಳೇ ಮೊಣಕಾಲು ಬಗ್ಗಿಸಿ ಬರೀ ಗಾಳಿಗೆ ಕೋಲು ಬೀಸುತ್ತಿದ್ದಾಳೆ. ನನ್ನ ಚೌಕಟ್ಟೆಲ್ಲ ಹಾಳು! ತಡೆಯಲಾಗದೆ ಕೆಳಗಿನಿಂದಲೇ ಕೂಗಿದೆ: "ಏ ಹುಡುಗಿ, ಯಾರಿಗ ಹೊಡಿಲತ್ತಿ?" ಅವಳು ತಿರುಗಿ ನೋಡಲಿಲ್ಲ. ಅದೇ ಹೊತ್ತಿಗೆ ಓಣಿಗೆ ಟ್ಯಾಂಕರ್ ಬಂತೆಂಬ ಸುದ್ದಿ ಬಂದು, ಅರ್ಧ ಪ್ರೇಕ್ಷಕರು ಕೊಡ ಹುಡುಕುತ್ತ ಎದ್ದು ಹೋದರು.

ಆಮೇಲೆ ಮೇಡಂ ಹೇಳಿದರು: "ಈಕಿ ಜೋಡಿ ಹುಡುಗಿ ಅವ್ವ ಅಪ್ಪನ ಸಂಗಟ ಪುಣೆಕ್ಕ ಹೋಗ್ಯಾಳ್ರಿ. ಬ್ಯಾರೆ ಹುಡುಗಿನ್ನ ನಿಲ್ಲಸ್ತೇನಿ ಅಂದ್ರ ಈಕಿ ಒಪ್ಪವಲ್ಲಳು."

"ಮಳಿ ಬಿದ್ದಮ್ಯಾಲ ಬರ್ತಾಳ್ರಿ ಅಕ್ಕಾ," ಎಂದಳು ಹುಡುಗಿ. "ಆಕಿ ಜಾಗ ಯಾರಿಗೂ ಕೊಡಂಗಿಲ್ಲ ಅಂತ ಆಣಿ ಮಾಡೇನಿ."

ಊರು ಬಿಟ್ಟು ಹೋದವರಿಂದಾಗಿ ಎಷ್ಟೋ ತಂಡಗಳು ಬರಲೇ ಇಲ್ಲವಾದ್ದರಿಂದ ಇವರು ಹೇಗೋ ಬೀದರಿಗೆ ಆಯ್ಕೆಯಾದರು. ಅಲ್ಲಿಯವರೆಗೆ ನನಗೆ ನೆಮ್ಮದಿಯಿಲ್ಲ. ಆ ಹುಡುಗಿಗೆ ಏನಾದರೂ ಮಾಡಬೇಕು, ಆದರೆ ಏನೆಂದು ತಿಳಿಯದು.

ಬೀದರಿನಲ್ಲಿ ನನಗೆ ತಿಳಿದ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಮುನಿಸಿಕೊಂಡು ದೂರ ನಿಂತ ಬೀಗರನ್ನೂ ಅಕ್ಕಪಕ್ಕ ನಿಂತಂತೆ ತೋರಿಸಿದ ಕೈ ನನ್ನದು. ವೇದಿಕೆಯ ಮೂಲೆಯಲ್ಲಿ ನೆಲಕ್ಕೆ ಕೂತು, ದೂರದ ಲೆನ್ಸ್ ಹಾಕಿ, ಒಂದು ಸಾಲು ಇನ್ನೊಂದರ ಖಾಲಿ ಜಾಗವನ್ನು ಮರೆಮಾಡುವಂತೆ ಹೊಡೆದೆ. ಮೇಡಂ ಕೈಮುಗಿದು ಕೇಳಿಕೊಂಡಿದ್ದಕ್ಕೆ ಹುಡುಗಿ ಅಂದು ಸೀದಾ ನಿಂತೇ ಕುಣಿದಳು. ಒಂದೇ ಒಂದು ಫೋಟೋದಲ್ಲೂ ಯಾರೂ ಕಡಿಮೆ ಬಿದ್ದಂತೆ ಕಾಣುತ್ತಿರಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬಹುಮಾನ ಬರಲಿಲ್ಲ. ಹುಡುಗಿ ಅದನ್ನು ಕಿವಿಗೂ ಹಾಕಿಕೊಳ್ಳದೆ ನನ್ನ ಹತ್ತಿರ ಓಡಿಬಂದಳು. "ಅಕ್ಕಾ, ಜಾಗ ಖಾಲಿ ಕಾಣೋ ಫೋಟೋ ತೋರಸ್ರಿ."

ಆಗ ವಿಷಯ ಹೊರಬಿತ್ತು. ಯಾರೋ ಪುಣೆಗೆ ಫೋನ್ ಮಾಡಿ, ನಿನ್ನ ಜಾಗದಲ್ಲಿ ಬೇರೆಯವಳು ಕುಣಿಯುತ್ತಿದ್ದಾಳೆ ಎಂದು ಊದಿದ್ದರು. ಗಿಡ್ಡಿ ಮಾತು ಬಿಟ್ಟಿದ್ದಳು. "ನಾ ಹೇಳಿದ್ರ ನಂಬವಲ್ಲಳ್ರಿ. ಫೋಟೋ ಕಳಿಸಿದ್ರ ನಂಬ್ತಾಳ."

ಪರದೆಯ ಮೇಲೆ ಒಂದೊಂದಾಗಿ ಸರಿಸಿದೆ. ಎಲ್ಲದರಲ್ಲೂ ತುಂಬಿದ ಸಾಲು. ಭಾಲ್ಕಿಯ ಫೋಟೋ? ಕೆಟ್ಟದ್ದನ್ನು ಅಲ್ಲೇ ಅಳಿಸುವುದು ನನ್ನ ರೂಢಿ, ಅದು ಅಂದೇ ಹೋಗಿತ್ತು. ಹುಡುಗಿಯ ಮುಖ ಇಳಿಯಿತು. ನನಗೆ ನನ್ನ ಜಾಣತನದ ಮೇಲೇ ಕೆಟ್ಟ ಸಿಟ್ಟು.

ಅವರ ಜೀಪು ಹಾರ್ನ್ ಹೊಡೆಯುತ್ತಿತ್ತು. "ಔರಾದ ದೂರ ಅದ್ರಿ, ಹೊತ್ತಾಗ್ತದ," ಎಂದ ಡ್ರೈವರ್.

"ಆಗ್ಲಿ ಬಿಡ್ರಿ, ಒಂದ್ ಚಾ ಕುಡ್ದು ಬರ್ರಿ," ಎಂದು ಗದರಿ, ಹುಡುಗಿಯರನ್ನೆಲ್ಲ ವೇದಿಕೆಯ ಹಿಂದಿನ ಬಯಲಿಗೆ ಎಬ್ಬಿಸಿಕೊಂಡು ಹೋದೆ. ಹಾಡಿಲ್ಲ, ದೀಪವಿಲ್ಲ, ಸಂಜೆಯ ಬಿಸಿಲು, ಧೂಳು. ಎರಡು ಸಾಲು ನಿಂತರು. ಅಗಲದ ಲೆನ್ಸ್ ಹಾಕಿ, ಖಾಲಿ ಜಾಗವನ್ನೇ ನಡುವೆ ಇಟ್ಟು ಹೊಡೆದೆ.

ಹುಡುಗಿ ಪರದೆ ನೋಡಿ ತಲೆಯಾಡಿಸಿದಳು. "ಇದು ಬ್ಯಾಡ್ರಿ. ಕೋಲು ಭಾಳ ಮ್ಯಾಲ ಆಗ್ಯಾವ. ಆಕಿಗಿ ನಿಲುಕಂಗಿಲ್ಲ."

ವಾಪಸು ಹೋಗಿ ಮೊಣಕಾಲು ಬಗ್ಗಿಸಿ, ಕೋಲುಗಳನ್ನು ಕೆಳಗಿಳಿಸಿ ಹಿಡಿದಳು. ಈ ಸಲ ಮೇಡಂ ಸೀದಾ ನಿಲ್ಲು ಅನ್ನಲಿಲ್ಲ. ನಾನು ಬಟನ್ ಒತ್ತಿದೆ. ಮೇಡಂ ತಮ್ಮ ಮೊಬೈಲಿನಲ್ಲಿ ಕ್ಯಾಮೆರಾದ ಪರದೆಯನ್ನೇ ಫೋಟೋ ಹೊಡೆದು ಪುಣೆಗೆ ಕಳಿಸಿದರು.

ಎಲ್ಲರೂ ಜೀಪು ಹತ್ತಿದರು, ನಾನು ಗೇಟಿನವರೆಗೆ ಪಕ್ಕದಲ್ಲೇ ನಡೆದೆ. ಜೀಪು ಗೇಟು ದಾಟುವ ಮೊದಲೇ ಮೇಡಂ ಮೊಬೈಲಿಗೆ ಪುಣೆಯಿಂದ ಗಿಡ್ಡಿಯ ಫೋನ್ ಬಂತು. ಹುಡುಗಿ ಸ್ಪೀಕರ್ ಹಾಕಿದಳು. ಆ ಕಡೆಯಿಂದ ಸಿಟ್ಟೂ ಇಲ್ಲ, ತಪ್ಪಾಯ್ತು ಎಂಬ ಮಾತೂ ಇಲ್ಲ.

"ಏ, ಅಲ್ಲಿ ಮಳಿ ಬಂತೇನ?"

ಹುಡುಗಿ ಜೀಪಿನಿಂದ ತಲೆ ಹೊರಹಾಕಿ ಆಕಾಶ ನೋಡಿದಳು. ನಾನೂ ನೋಡಿದೆ.

"ಇನ್ನಾ ಇಲ್ಲ," ಅಂದಳು. "ಜಾಗ ಅದ."