ಸೈಕಲ್ ತಾತನ ಹೆಬ್ಬೆರಳು

ಅವರ ಬಲಗೈ ಹೆಬ್ಬೆರಳಿನ ತುದಿ ದರ್ಜಿ ಬೆರಳಿಗೆ ತೊಡುವ ಅಂಗುಸ್ತಾನದ ಹಾಗಿತ್ತು. ಸಣ್ಣ ಸಣ್ಣ ಗುಳಿಗಳು, ಒಂದರ ಪಕ್ಕ ಒಂದು. ಪಂಚರ್ ಆದ ಟೈರು ಬಿಚ್ಚಿದ ಕೂಡಲೇ ಅದರ ಒಳಮೈಯಲ್ಲಿ ಆ ಬೆರಳನ್ನು ನಿಧಾನವಾಗಿ ಒಂದು ಸುತ್ತು ಆಡಿಸುವುದು ಅವರ ಪದ್ಧತಿ. ಮುಳ್ಳೋ ಮೊಳೆಯೋ ಎಲ್ಲಿ ಕೂತಿದೆಯೆಂದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತಿತ್ತು. ಚುಚ್ಚಿದಾಗ ಬೇರೆಯವರಾದರೆ "ಅಯ್ಯೋ" ಎನ್ನುತ್ತಾರೆ. ಇವರು ಕಳ್ಳನನ್ನು ಹಿಡಿದವರ ಹಾಗೆ "ಸಿಕ್ಕಿದ ನೋಡು" ಎಂದು ನಗುತ್ತಿದ್ದರು.

ಮಾಲೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಸಣ್ಣ ಸೈಕಲ್ ಶಾಪು. ಅವರಿಗೆ ಹೆಸರು ಏನೋ ಇತ್ತು. ನಾನಂತೂ ಯಾರ ಬಾಯಲ್ಲೂ ಕೇಳಲಿಲ್ಲ. ಮಕ್ಕಳಿಗೂ ಮುದುಕರಿಗೂ ಅವರು ಸೈಕಲ್ ತಾತ. ಮೂಲತಃ ಮುಳಬಾಗಿಲಿನ ಕಡೆಯವರು. ಮನೆಮಾತು ತೆಲುಗು, ವ್ಯಾಪಾರದ ಮಾತು ಕನ್ನಡ, ಸಿಟ್ಟು ಬಂದಾಗ ಎರಡೂ ಒಟ್ಟಿಗೆ. ಹರೆಯದಲ್ಲಿ ಅಲ್ಲಿಯೇ ಬಾಡಿಗೆ ಸೈಕಲ್ ಇಟ್ಟಿದ್ದರಂತೆ. ಕುರುಡುಮಲೆಗೆ ಹೋದವರೆಲ್ಲ ವಾಪಸ್ಸು ಬರುವಾಗ ಸೈಕಲ್ ತಳ್ಳಿಕೊಂಡೇ ಬರುತ್ತಿದ್ದರಂತೆ. "ವಿಘ್ನ ತೆಗೆಯೋಕೆ ಅಲ್ಲಿ ಗಣೇಶ ಇದ್ದ. ಮುಳ್ಳು ತೆಗೆಯೋಕೆ ನಾನೇ ಬೇಕಾಗಿತ್ತು" ಎನ್ನುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಒಂದು ಭಾನುವಾರ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಸಣ್ಣ ತಂತಿಗಳನ್ನು ಬೆಸೆಯುವ ಕೆಲಸ ಆಗತಾನೆ ಸಿಕ್ಕಿತ್ತು. ನಮ್ಮೂರಿಂದ ಮಾಲೂರು ಸ್ಟೇಷನ್ನಿಗೆ ನಾಲ್ಕು ಮೈಲಿ. ಆರೂವರೆಯ ರೈಲು ಹಿಡಿಯಬೇಕೆಂದರೆ ಅಷ್ಟು ಹೊತ್ತಿಗೆ ಬಸ್ಸಿಲ್ಲ. ಅಪ್ಪ ಯಾರಿಂದಲೋ ಒಂದು ಹಳೆಯ ಲೇಡೀಸ್ ಸೈಕಲ್ ಕೊಂಡು ತಂದರು. ಅದರ ಎರಡು ಟೈರುಗಳೂ ಒಣಗಿ ಬಿರುಕುಬಿಟ್ಟಿದ್ದವು.

"ಎರಡಕ್ಕೂ ಹೊಸಾದು ಹಾಕು" ಎಂದರು ಅಪ್ಪ.

ತಾತ ಅಪ್ಪನ ಕಡೆ ನೋಡಲೇ ಇಲ್ಲ. "ತುಳಿಯೋರು ಯಾರು?"

"ನಾನು" ಎಂದೆ.

"ಹಂಗಾದ್ರೆ ನೀನು ಮಾತಾಡಮ್ಮಣ್ಣಿ. ದಾರಿ ಹೇಳು."

ಟೈರು ಕೊಳ್ಳಲು ಬಂದವರನ್ನು ದಾರಿ ಕೇಳುವುದು ನನಗೆ ವಿಚಿತ್ರವಾಗಿ ಕಂಡಿತು. ಪಕ್ಕದಲ್ಲಿ ವಾಲ್‌ಟ್ಯೂಬ್ ಹಾಕಿಸಲು ಬಂದು ನಿಂತಿದ್ದ ಪೋಸ್ಟ್‌ಮ್ಯಾನ್ ಒಬ್ಬರು, "ಹೇಳಿಬಿಡಮ್ಮ, ಇಲ್ಲಾಂದ್ರೆ ಕೊಡಲ್ಲ" ಎಂದರು. ಹೇಳಿದೆ. ಮನೆ ಬಿಟ್ಟರೆ ಕೆರೆ ಏರಿ, ಏರಿ ಇಳಿದರೆ ಟಾರು ರಸ್ತೆ, ಆಮೇಲೆ ಪೇಟೆ ಬೀದಿ, ಹೋಟೆಲ್ ತಿರುವು, ಸ್ಟೇಷನ್ನು. ತಾತ ಕಣ್ಣು ಮುಚ್ಚಿ ಕೇಳಿದರು. ನಡುವೆ, "ಪೇಟೆ ಬೀದಿ ಮೋರಿ ಹತ್ರ ದೊಡ್ಡ ಗುಂಡಿ ಐತಲ್ಲ, ಎಡಕ್ಕೆ ತಗೋತೀಯೋ ಬಲಕ್ಕೋ?" ಎಂದರು. ಎಡಕ್ಕೆ ಎಂದೆ. ತಲೆಯಾಡಿಸಿದರು.

ಕೆಂಪು ಅಂಚಿನ ತೆಳ್ಳನೆಯ ಟೈರೊಂದು ಮೇಲೆ ನೇತಾಡುತ್ತಿತ್ತು. ನನಗೆ ಅದರ ಮೇಲೆ ಕಣ್ಣು.

"ಅದು ಮದುವೆ ಗಂಡಿಗೆ. ಮಾವನ ಮನೆ ಮುಂದೆ ನಿಲ್ಲಿಸಿದ್ರೆ ಚೆಂದ. ಮಾಲೂರು ಪೇಟೇಲಿ ಇಟ್ಟಿಗೆ ಲಾರಿ ಓಡಾಡಿ ರಸ್ತೆ ಹಲ್ಲು ಬಿಟ್ಕೊಂಡಿದೆ, ಎಂಟು ದಿನಕ್ಕೆ ಹರಿದುಹೋಗುತ್ತೆ."

"ಹಂಗಾದ್ರೆ ಆ ದಪ್ಪಂದು ಹಾಕು" ಎಂದರು ಅಪ್ಪ.

"ಅದು ಹಾಲಿನ ಕ್ಯಾನ್ ಹೊರೋರಿಗೆ. ನಿನ್ನ ಮಗಳು ಅದನ್ನ ತುಳ್ಕೊಂಡು ಬರೋ ಹೊತ್ತಿಗೆ ರೈಲು ವೈಟ್‌ಫೀಲ್ಡ್ ದಾಟಿರುತ್ತೆ." ಆಮೇಲೆ ನನಗೆ ಬಿಡಿಸಿ ಹೇಳಿದರು: "ಟೈರು ಸೈಕಲ್ಲಿಗೆ ಹಾಕೋದಲ್ಲಮ್ಮಣ್ಣಿ, ದಾರಿಗೆ ಹಾಕೋದು. ಗುಂಡಿ ನೋಡಿ ತಿರುಗೋದು ಮುಂದಿನ ಚಕ್ರ, ಏಟು ತಿನ್ನೋದು ಹಿಂದಿನದು. ಅದಕ್ಕೇ ಮುಂದೆ ಹಗುರ, ಹಿಂದೆ ಒಂದು ಪಟ್ಟು ಗಟ್ಟಿ."

ಹಿಂದಿನ ಟೈರಿನೊಳಗೆ ಹಳೆಯ ಟ್ಯೂಬೊಂದನ್ನು ಉದ್ದಕ್ಕೆ ಸೀಳಿ ಹಾಸಿದರು. ಗಾಳಿ ತುಂಬಿ ನನ್ನನ್ನು ಸೀಟಿನ ಮೇಲೆ ಕೂರಿಸಿ, ಬಗ್ಗಿ ನೋಡಿದರು. "ಒಡೆದ ರಸ್ತೆಗೆ ಕಲ್ಲಿನ ಹಂಗೆ ಗಾಳಿ ಹೊಡೀಬಾರ್ದು. ನೀನು ಕೂತಾಗ ಟೈರು ಒಂಚೂರು ನಗ್ಬೇಕು. ಜಾಸ್ತಿ ನಕ್ರೂ ಕಷ್ಟ, ರಿಮ್ಮು ಹೋಗುತ್ತೆ."

ಆ ಅಂಗಡಿಯ ಗೋಡೆಯುದ್ದಕ್ಕೂ ಹಲಗೆ ಹೊಡೆದು ಖಾಲಿ ಹಾಲುಪುಡಿ ಡಬ್ಬಗಳನ್ನು ಸಾಲಾಗಿ ಜೋಡಿಸಿದ್ದರು. ಒಂದರ ಮೇಲೆ ಸುಣ್ಣದಲ್ಲಿ ಎತ್ತಿನ ಚಿತ್ರ, ಇನ್ನೊಂದರ ಮೇಲೆ ಇಟ್ಟಿಗೆ ಗೂಡು, ಮತ್ತೊಂದರ ಮೇಲೆ ಹೊಗೆ ಬಿಡುವ ರೈಲು. ಟೈರಿನಿಂದ ಕಿತ್ತದ್ದನ್ನೆಲ್ಲ ಅವರು ಎಸೆಯುತ್ತಿರಲಿಲ್ಲ, ದಾರಿಗೊಂದು ಡಬ್ಬದಂತೆ ಹಾಕಿಡುತ್ತಿದ್ದರು. ಸಂತೆ ರಸ್ತೆಯ ಡಬ್ಬದಲ್ಲಿ ಎತ್ತಿನ ಲಾಳದ ಮೊಳೆಗಳು. ಕೆರೆ ಏರಿಯದರಲ್ಲಿ ಜಾಲಿ ಮುಳ್ಳು. ಹೊಸ ಟೈರು ಹಾಕುವಾಗ ಆ ದಾರಿಯ ಡಬ್ಬ ಇಳಿಸಿ, ಅಂಗೈ ಮೇಲೆ ಸುರಿದುಕೊಂಡು ಒಮ್ಮೆ ನೋಡುವರು. ಇದೆಂಥ ಹುಚ್ಚು ಎಂದುಕೊಂಡು ನಾನು ಸೈಕಲ್ ಹತ್ತಿದೆ.

ಕೆಲಸ ಆರು ತಿಂಗಳು ಪರೀಕ್ಷೆಯ ಮೇಲೆ. ಗೇಟು ಮುಚ್ಚಿದ ಮೇಲೆ ಹೋದರೆ ಹೆಸರಿನ ಮುಂದೆ ಒಂದು ಕೆಂಪು ಗುರುತು. ಮೂರು ಗುರುತು ಬಿದ್ದರೆ ಮನೆಗೆ. ಅಪ್ಪನೂ ಅಷ್ಟೇ ಖಡಾಖಂಡಿತವಾಗಿ ಹೇಳಿದ್ದರು: "ಆರು ತಿಂಗಳಲ್ಲಿ ಕೆಲಸ ಖಾಯಂ ಆದ್ರೆ ಸರಿ. ಇಲ್ಲಾಂದ್ರೆ ಶ್ರೀನಿವಾಸಪುರದ ಮಾವಿನ ತೋಟದವರಿಗೆ ಹೂಂ ಅಂದ್ಬಿಡ್ತೀನಿ." ಆ ಮನೆಯ ಹುಡುಗ ನನ್ನನ್ನು ನೋಡಲು ಬಂದಾಗ ಪೂರ್ತಿ ಹೊತ್ತು ನಮ್ಮ ಎಮ್ಮೆಯ ಬಗ್ಗೆಯೇ ಮಾತಾಡಿದ್ದ.

ಮೊದಲ ಹತ್ತು ದಿನ ತಾತನಿಗೆ ಹೇಳಿದ ದಾರಿಯಲ್ಲೇ ಹೋದೆ. ತೊಂದರೆ ಇದ್ದದ್ದು ಹೋಟೆಲ್ ತಿರುವಿನಲ್ಲಿ. ಅದೇ ರೈಲಿಗೆ ಹೋಗುವ ನಾಲ್ಕೈದು ಹುಡುಗರು ಅಲ್ಲಿ ಟೀ ಕುಡಿಯುತ್ತ ಸೈಕಲ್ ಮೇಲೆ ಒರಗಿ ನಿಂತಿರುತ್ತಿದ್ದರು. ಸೀರೆಯುಟ್ಟು ಸೈಕಲ್ ತುಳಿಯುವ ನಾನು ಕಂಡ ಕೂಡಲೇ "ಸರ್ಕಸ್ ಬಂತು ಕಣ್ರೋ!" ಎಂದು ಒಬ್ಬ ಕೂಗುವನು. ಎಲ್ಲರೂ ಟ್ರಿಣ್ ಟ್ರಿಣ್ ಎಂದು ಬೆಲ್ಲು ಹೊಡೆಯುವರು. ನನಗೆ ಕಿವಿಯವರೆಗೆ ಬಿಸಿಯಾಗುತ್ತಿತ್ತು. ಹನ್ನೊಂದನೆಯ ದಿನ ಪೇಟೆಯನ್ನೇ ಬಿಟ್ಟು, ಇಟ್ಟಿಗೆ ಗೂಡುಗಳ ಹಿಂದಿನ ಬಂಡಿದಾರಿ ಹಿಡಿದೆ. ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಅಪ್ಪ ಅವತ್ತೇ ಶ್ರೀನಿವಾಸಪುರದ ಬಸ್ಸು ಹತ್ತುತ್ತಿದ್ದರು.

ಎರಡು ತಿಂಗಳೊಳಗೆ ಎರಡು ಪಂಚರ್. ಎರಡು ಸಲವೂ ಸೈಕಲ್ ತಳ್ಳಿಕೊಂಡು ಸ್ಟೇಷನ್ ಸೇರುವಷ್ಟರಲ್ಲಿ ರೈಲು ಹೋಗಿತ್ತು. ಎರಡು ಕೆಂಪು ಗುರುತು ಬಿದ್ದವು. ಎರಡನೆಯ ಸಂಜೆ ಅಳುಮುಖ ಮಾಡಿಕೊಂಡು ತಾತನ ಮುಂದೆ ನಿಂತೆ. ಮೇಲಿಂದ ಸ್ವಲ್ಪ ಜೋರೂ ಮಾಡಿದೆ: "ನೀವು ಗಟ್ಟಿ ಟೈರು ಅಂತ ಹೇಳಿ ಎಂಥದು ಹಾಕಿದ್ರಿ ತಾತ?"

ತಾತ ಟೈರು ಬಿಚ್ಚಿದರು. ಹೆಬ್ಬೆರಳು ಅರ್ಧ ಸುತ್ತಿನಲ್ಲೇ ನಿಂತಿತು. ಸುಟ್ಟು ಕರಕಲಾಗಿ ಗಾಜಿನಂತೆ ಗಟ್ಟಿಯಾದ ಇಟ್ಟಿಗೆ ಚೂರೊಂದನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡರು. ಹೋದ ಸಲ ಸಿಕ್ಕಿದ್ದನ್ನೂ ಗಲ್ಲಾಪೆಟ್ಟಿಗೆಯಿಂದ ತೆಗೆದು ಅದರ ಪಕ್ಕ ಇಟ್ಟರು.

"ಇದು ನೀನು ಹೇಳಿದ ದಾರೀದಲ್ಲ."

ನಾನು ಸೆರಗಿನ ತುದಿ ಸುತ್ತತೊಡಗಿದೆ.

"ಹೋದ ಸಲಾನೇ ಅನುಮಾನ ಬಂತು. ಲಾರಿಯಿಂದ ಬಿದ್ದಿದ್ದು ಇರ್ಬೋದು ಅಂದ್ಕೊಂಡೆ. ಇಷ್ಟು ಸುಟ್ಟಿರೋದನ್ನ ಯಾರೂ ಲಾರಿಗೆ ತುಂಬಲ್ಲ, ಗೂಡಿನ ಪಕ್ಕದಲ್ಲೇ ಎಸೀತಾರೆ. ಅಬದ್ಧಂ ಎಂದುಕು ಚೆಪ್ಪಾವು? ನನ್ನತ್ರ ಯಾಕಮ್ಮ ಸುಳ್ಳು ಹೇಳ್ದೆ? ಒಂದು ದಾರಿಗೆ ಟೈರು ಹಾಕಿಸ್ಕೊಂಡು ಇನ್ನೊಂದರಲ್ಲಿ ತುಳಿದ್ರೆ, ಸುಳ್ಳುಗಾರ ಆಗೋದು ನಾನು."

ನಿಜ ಹೇಳಿದೆ. ಹೋಟೆಲ್ ತಿರುವು, ಸರ್ಕಸ್ಸು, ಬೆಲ್ಲು, ಇನ್ನೊಂದು ಗುರುತು ಬಿದ್ದರೆ ಕೆಲಸ ಹೋಗುವುದು, ಎಮ್ಮೆಯ ಹುಡುಗ, ಎಲ್ಲವನ್ನೂ. ತಾತ ಎಮ್ಮೆಯ ಮಾತಿಗೆ ಮಾತ್ರ ನಕ್ಕರು. ಆಮೇಲೆ ದಪ್ಪ ಟೈರೊಂದನ್ನು ಇಳಿಸಿ ನನ್ನ ಮುಂದೆ ಇಟ್ಟರು.

"ಗೂಡಿನ ದಾರೀನೇ ಬೇಕು ಅಂದ್ರೆ ಇದು ಹಾಕ್ತೀನಿ. ಪಂಚರ್ ಆಗೋದು ಕಮ್ಮಿ. ತುಳಿಯೋದು ಭಾರ, ಅರ್ಧ ಗಂಟೆ ಮುಂಚೆ ಮನೆ ಬಿಡು. ಪೇಟೆ ದಾರಿ ಅಂದ್ರೆ ಇರೋದೇ ಸಾಕು. ದಾರಿ ನೀನು ಹೇಳ್ಬೇಕು, ಟೈರು ನಾನು ಹೇಳ್ತೀನಿ."

"ಆ ಹುಡುಗರಿಗೆ ಏನು ಮಾಡ್ಲಿ ತಾತ?"

"ಅದಕ್ಕೆ ನನ್ನ ಅಂಗಡೀಲಿ ಟೈರಿಲ್ಲ ಕಣಮ್ಮಣ್ಣಿ."

ಅವರು ಟ್ಯೂಬು ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಒಣಗುವವರೆಗೆ ಕಾದರು. ಅಷ್ಟು ಹೊತ್ತೂ ನಾನು ಯೋಚಿಸುತ್ತ ನಿಂತೆ. ದಪ್ಪ ಟೈರು ಹಾಕಿಸಿಕೊಂಡು ಬಚಾವಾಗಿಬಿಡೋಣ ಎಂದು ಬಾಯಿಯವರೆಗೆ ಬಂದಿತ್ತು. ಆದರೆ ಯಾರೋ ನಾಲ್ಕು ಜನ ಟೀ ಕುಡಿಯುತ್ತಾರೆಂದು ನಾನು ದಿನಾ ಅರ್ಧ ಗಂಟೆ ಮೊದಲೇ ಏಳಬೇಕೆ ಎಂದು ಒಮ್ಮೆಲೇ ಸಿಟ್ಟು ಬಂತು.

"ಪೇಟೆ ದಾರಿ" ಎಂದೆ.

ತಾತ ದಪ್ಪ ಟೈರನ್ನು ಮೊಳೆಗೆ ಸಿಕ್ಕಿಸಿ, ನನ್ನ ಚಕ್ರವನ್ನು ಒಂದು ಸಲ ಜೋರಾಗಿ ತಿರುಗಿಸಿ ಬಿಟ್ಟರು.

ಮಾರನೆಯ ದಿನ ಹೋಟೆಲ್ ತಿರುವಿನಲ್ಲಿ "ಸರ್ಕಸ್" ಎಂಬ ಕೂಗು ಎದ್ದಾಗ ನಾನೂ ನನ್ನ ಬೆಲ್ಲನ್ನು ತಿರುವು ದಾಟುವವರೆಗೆ ಬಿಡದೆ ಬಾರಿಸಿದೆ. ಎರಡು ದಿನ ಹೀಗೇ ಜುಗಲ್‌ಬಂದಿ ನಡೆಯಿತು. ಮೂರನೆಯ ದಿನ ಅವರು ಅಲ್ಲಿರಲಿಲ್ಲ. ವಾರ ಕಳೆದು ಮತ್ತೆ ಕಂಡಾಗ ಎಲ್ಲರೂ ಟೀ ಲೋಟದೊಳಗೇ ನೋಡುತ್ತಿದ್ದರು. ನನ್ನ ಧೈರ್ಯಕ್ಕೆ ಹೆದರಿದರೆಂದು ನಾನು ಬೀಗಿದೆ. ಮನೆಯಲ್ಲಿ ತಂಗಿಗೆ ಹೇಳಿಕೊಂಡೂ ಹೇಳಿಕೊಂಡೆ.

ಆರನೆಯ ತಿಂಗಳ ಕೊನೆಯ ವಾರ, ಸಂತೆಯ ಮಾರನೆಯ ಬೆಳಿಗ್ಗೆ, ಸರಿಯಾಗಿ ಅದೇ ತಿರುವಿನಲ್ಲಿ ಹಿಂದಿನ ಟೈರು ಡಬ್ ಎಂದಿತು. ಇಳಿದು ನೋಡಿದರೆ ಎತ್ತಿನ ಲಾಳದ ಮೊಳೆ, ತಲೆಯವರೆಗೆ ಹೊಕ್ಕಿತ್ತು. ದೂರದಲ್ಲಿ ರೈಲಿನ ಕೂಗು ಕೇಳಿಸಿತು. ಇಷ್ಟು ದಿನ ತಡೆದದ್ದು ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಟೀ ಕುಡಿಯುತ್ತಿದ್ದವರಲ್ಲಿ ಕನ್ನಡಕದ ಹುಡುಗನೊಬ್ಬ, ಮೊದಲು "ಸರ್ಕಸ್" ಎಂದು ಕೂಗುತ್ತಿದ್ದವನೇ, ತನ್ನ ಸೈಕಲ್ ತಳ್ಳಿಕೊಂಡು ಓಡಿಬಂದ. "ಇದು ತಗೊಂಡು ಹೋಗ್ರಿ. ನಿಮ್ಮದು ಹೋಟೆಲ್‌ನಲ್ಲಿ ಇರ್ಲಿ. ನಾನು ಇವನ ಹಿಂದೆ ಡಬಲ್ಸ್ ಬರ್ತೀನಿ."

ನನಗೆ ನಂಬಿಕೆಯಾಗಲಿಲ್ಲ. "ಯಾಕೆ?"

"ಅಯ್ಯೋ, ಹೋಗ್ರೀ! ನೀವು ರೈಲು ಹತ್ತಲಿಲ್ಲ ಅಂದ್ರೆ ತಾತ ನಮಗೆ ಗಾಳಿ ಕೊಡಲ್ಲ!"

ಅದು ಗಂಡಸರ ಸೈಕಲ್, ನಡುವೆ ಅಡ್ಡಕಂಬಿಯ ಬಾರು. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚಿಕ್ಕಂದಿನಲ್ಲಿ ಅಪ್ಪನ ಸೈಕಲ್ ಕದ್ದು ಕಲಿತ ಹಾಗೆ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದೆ. ಸರ್ಕಸ್ ಎಂದರೆ ಅವತ್ತಿನದು. ಹಿಂದೆ ಇಬ್ಬಿಬ್ಬರಾಗಿ ಕೂತು ಬರುತ್ತಿದ್ದ ಆ ಹುಡುಗರು ಒಬ್ಬರೂ ನಗಲಿಲ್ಲ, "ಎಡಕ್ಕೆ, ಎಡಕ್ಕೆ, ಗುಂಡಿ!" ಎಂದು ಕೂಗುತ್ತಿದ್ದರು. ಗಾರ್ಡ್ ಹಸಿರು ಬಾವುಟ ಎತ್ತುವಾಗ ನಾನು ಡಬ್ಬಿ ಹತ್ತಿದೆ.

ಕಥೆ ಪೂರ್ತಿ ಗೊತ್ತಾದದ್ದು ಸಂಜೆಯ ರೈಲಿನಿಂದ ಇಳಿದ ಮೇಲೆ, ಆ ಹುಡುಗನಿಂದಲೇ. ಎರಡನೆಯ ಪಂಚರ್ ಆದ ಆ ವಾರ, ತಾತ ಗಾಳಿಗೆ ಬಂದ ಅವರನ್ನೆಲ್ಲ ನಿಲ್ಲಿಸಿ ದಾರಿ ಕೇಳಿದರಂತೆ. ಇವರು ಹೇಳಿದ್ದಾರೆ. ಹೋಟೆಲ್ ತಿರುವು ಎಂದ ಕೂಡಲೇ ತಾತ ಪಂಪನ್ನು ಒಳಗಿಟ್ಟು, "ಆ ದಾರಿಗೆ ನನ್ನತ್ರ ಗಾಳಿ ಇಲ್ಲ. ಹೋಗ್ರೋ" ಎಂದರಂತೆ. ನಾಲ್ಕು ದಿನ ಸೈಕಲ್ ತಳ್ಳಿಕೊಂಡು ತಿರುಗಿ, ಐದನೆಯ ದಿನ ಬಂದು ಕೈಮುಗಿದ ಮೇಲೆ ಪಂಪು ಹೊರಗೆ ಬಂದಿತಂತೆ. ಆ ಹುಡುಗಿ ರೈಲು ತಪ್ಪಿಸಿಕೊಳ್ಳದ ಹಾಗೆ ನೋಡಿಕೊಳ್ಳುವುದು ಅವರ ಪಾಲಿನ ಕೆಲಸ ಎಂಬ ಕರಾರಿನ ಮೇಲೆ.

ನನ್ನ ಧೈರ್ಯದ ಜಂಬ ಅಲ್ಲಿಗೆ ಇಳಿಯಿತು. ಅಂಗಡಿಗೆ ಹೋದೆ. ಹೋಟೆಲಿನವರು ಸೈಕಲ್ ಆಗಲೇ ತಲುಪಿಸಿದ್ದರು. ತಾತ ಮೊಳೆ ಹಿಡಿದುಕೊಂಡು ಮುಖ ಸಣ್ಣ ಮಾಡಿ ಕೂತಿದ್ದರು.

"ನನ್ನ ಟೈರು ಸೋತೋಯ್ತಮ್ಮಣ್ಣಿ."

"ನಿಮ್ಮ ಗಾಳಿ ಗೆಲ್ತಲ್ಲ ತಾತ."

"ಯಾವ ಗಾಳಿ?" ಎಂದರು, ಏನೂ ತಿಳಿಯದವರ ಹಾಗೆ, ಮತ್ತು ಟ್ಯೂಬು ಉಜ್ಜತೊಡಗಿದರು.

ಕೆಲಸ ಖಾಯಂ ಆದ ಭಾನುವಾರ ಅಪ್ಪ ತಾವೇ ಒಂದು ಮಂಕರಿ ಅವರೆಕಾಯಿ ಹೊತ್ತುಕೊಂಡು ಹೋಗಿ ಆ ಅಂಗಡಿಯಲ್ಲಿ ಇಳಿಸಿದರು. ಎಮ್ಮೆಯ ಹುಡುಗನಿಗೆ ಎಮ್ಮೆ ಇದ್ದ ಇನ್ನೊಂದು ಮನೆಯ ಹೆಣ್ಣೇ ಸಿಕ್ಕಳು, ಚೆನ್ನಾಗಿದ್ದಾರೆ. ನಾನು ಏಳು ವರ್ಷ ಅದೇ ಸೈಕಲ್ ತುಳಿದೆ. ನಾಲ್ಕು ಜೊತೆ ಟೈರು ಬದಲಾದವು. ಪ್ರತಿಸಲವೂ "ದಾರಿ ಹೇಳು" ಎನ್ನುವರು, ಪ್ರತಿಸಲವೂ ನಾನು ಕೆರೆ ಏರಿಯಿಂದ ಶುರುಮಾಡಿ ಹೇಳುವೆ. ಆಮೇಲೆ ಮೊಪೆಡ್ ಕೊಂಡಾಗ ತೋರಿಸಲು ಹೋದೆ. ಟೈರು ಒತ್ತಿ ನೋಡಿ, "ಇದಕ್ಕೆ ನನ್ನ ಬೆರಳು ಸಾಲಲ್ಲ" ಎಂದು ನಕ್ಕರು. ಆ ದಿನ ನನಗೆ ಯಾಕೋ ಬೇಜಾರಾಯಿತು.

ಅವರು ಹೋದ ಸುದ್ದಿ ತಿಳಿಸಿದ್ದು ಕನ್ನಡಕದ ಹುಡುಗನೇ. ಆಗ ಅವನಿಗೂ ಎರಡು ಮಕ್ಕಳು. ಅಂಗಡಿಯ ಮುಂದೆ ಮಲಗಿಸಿದ್ದರು. ಬೆಳಿಗ್ಗೆ ಗಾಳಿಗೆಂದು ಬಂದವರು ಬಂದ ಹಾಗೇ ನಿಂತಿದ್ದರು, ಬಸ್ ಸ್ಟ್ಯಾಂಡಿನವರೆಗೆ ಸೈಕಲ್ ಸಾಲು. ಕೈಗಳನ್ನು ಎದೆಯ ಮೇಲಿಟ್ಟು ಎರಡು ಹೆಬ್ಬೆರಳುಗಳನ್ನೂ ಬಿಳಿ ಬಟ್ಟೆಯ ಚೂರಿನಿಂದ ಕಟ್ಟಿದ್ದರು. ಆ ಗುಳಿಗಳು ಬಟ್ಟೆಯಾಚೆ ಕಾಣುತ್ತಿದ್ದವು. ನಾನು ಅಲ್ಲಿ ನಿಂತು ಅತ್ತೆ. ನನ್ನ ಅಜ್ಜ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ತಿಥಿ ಕಳೆದ ಮೇಲೆ ಅವರ ಹೆಂಡತಿ ನನಗೊಂದು ಡಬ್ಬ ತಂದುಕೊಟ್ಟರು. ಹಲಗೆಯ ಮೇಲಿನ ಸಾಲಿನಲ್ಲಿ ಅದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅದರ ಮೇಲೆ ಸುಣ್ಣದಲ್ಲಿ ಸೊಟ್ಟಗೆ ಬರೆದ ಒಂದು ಸೈಕಲ್, ನಡುವೆ ಬಾರಿಲ್ಲದ್ದು. "ಇದು ಅಮ್ಮಣ್ಣಿದು, ಮುಟ್ಟಬೇಡಿ ಅಂತಿದ್ರು" ಎಂದರು. ಒಳಗೆ ಸುಟ್ಟ ಇಟ್ಟಿಗೆಯ ಎರಡು ಚೂರು, ಒಂದು ಲಾಳದ ಮೊಳೆ.

ಈಗ ನನ್ನ ಕೆಲಸವೂ ಮುಗಿದು ಪಿಂಚಣಿ ಬರುತ್ತಿದೆ. ಆ ಆರು ತಿಂಗಳಲ್ಲಿ ನನ್ನ ಹೆಸರಿನ ಮುಂದೆ ಬಿದ್ದದ್ದು ಎರಡೇ ಕೆಂಪು ಗುರುತು. ಬೀಳಬೇಕಿದ್ದ ಮೂರನೆಯದು ನನ್ನ ಹತ್ತಿರ ಡಬ್ಬದಲ್ಲಿದೆ.